ಎಣ್ಣೆ ಏರದ ಬುಲೆಟ್ಟು

ಸಿರಸಂಗಿಯ ಕಾಳಿಕಾದೇವಿ ವಿಶ್ವಕರ್ಮರ ಆರಾಧ್ಯದೈವ. ಆ ದೇವಿಯ ದರ್ಶನಕ್ಕೆ ಹೊರಟ ನಿವೃತ್ತ ಮಾಸ್ತರರೊಬ್ಬರ ಹಳೆಯ ಬುಲೆಟ್ಟು ದಾರಿಯಲ್ಲಿ ತಲೆಯೊಳಗೇ ಕಟಕಟಿಸತೊಡಗಿತು. ಮಾಸ್ತರರು ಒಡನೆಯೇ ಎಂಜಿನನ್ನು ಆರಿಸಿದರು. ಬಿಗ್‌ಎಂಡನ್ನು ಉಳಿಸಿದ್ದು ಆ ಒಂದು ವಿವೇಕವೇ.

ಎಣ್ಣೆಯ ಮಟ್ಟ ಸರಿಯಾಗಿಯೇ ಇದ್ದಿತು. "ಎಣ್ಣಿ ಐತ್ರಿ ಸರ, ಮ್ಯಾಲ ಏರವಲ್ದು," ಎಂದ ಮಿಸ್ತ್ರಿ. ಈ ಹಳೆಯ ಎಂಜಿನಿಗೆ ಒತ್ತಡ ತೋರುವ ಮಾಪಕವಿಲ್ಲ; ರಾಕರಿನ ನಳಿಗೆಯ ಬೋಲ್ಟನ್ನು ತುಸು ಸಡಿಲಿಸಿ ನೋಡುವುದೇ ಪರೀಕ್ಷೆ. ಹನಿಯೂ ಒಸರಲಿಲ್ಲ. (ಮೈಸೂರಿನ ಜಾವಾಕ್ಕೆ ಈ ತಾಪತ್ರಯವಿರಲಿಲ್ಲ, ಅದರ ಎಣ್ಣೆ ಪೆಟ್ರೋಲಿನಲ್ಲೇ ಬೆರೆತಿರುತ್ತಿತ್ತು.)

ಸೋಸುಗ ಕಟ್ಟಿಕೊಂಡಿರಲಿಲ್ಲ. ಬಲಮಗ್ಗುಲಿನ ಟೈಮಿಂಗ್ ಮುಚ್ಚಳ ತೆಗೆದಾಗ ಗುಟ್ಟು ಬಯಲಾಯಿತು. ಎಣ್ಣೆಯನ್ನು ಊಡುವ ಪಂಪು, ಮರಳಿಸುವ ಪಂಪು, ಎರಡನ್ನೂ ನಡೆಸುವುದು ಒಂದೇ ದಂಡ. ಅದನ್ನು ತಿರುಗಿಸುವ ವರ್ಮಿನ ಹಲ್ಲುಗಳು ಸವೆದು ಉದುರಿದ್ದವು.

ವರ್ಮು ಮಾತ್ರ ಹೊಸದಾದರೆ ಹಳೆಯ ದಂಡವು ಅದನ್ನೂ ತಿಂದೀತು. ಮಿಸ್ತ್ರಿ ಜೋಡಿಯನ್ನೇ ಬದಲಿಸಿದ, ಲೋಹದ ಪುಡಿಯನ್ನೆಲ್ಲ ತೊಳೆದ, ಸೋಸುಗದ ಗೂಡಿಗೆ ಎಣ್ಣೆ ತುಂಬಿದ ಬಳಿಕವೇ ಕಿಕ್ ಹೊಡೆದ. ಕೆಲಹೊತ್ತಿಗೆ ಸಡಿಲ ಬೋಲ್ಟಿನ ಸುತ್ತ ಎಣ್ಣೆ ಜಿನುಗಿತು. ಮಾಸ್ತರರು ಬಗ್ಗಿ ನೋಡಿ, ಬೆರಳಿನಿಂದ ಮುಟ್ಟಿ, ಆಮೇಲೆ ಕೂಲಿ ಕೇಳಿದರು.