ನಾಯಿಯ ಜೊತೆ ನಾಲ್ಕು ಹೆಜ್ಜೆ

ಮನೆಗೆ ಬೀಗ ಹಾಕಿ ಊರು ನೋಡಲು ಹೊರಡುವುದು ಒಂದು ಬಗೆ. ಮನೆಯನ್ನೇ ಚಕ್ರದ ಮೇಲೆ ಕೂರಿಸಿಕೊಂಡು ಹೊರಡುವುದು ಇನ್ನೊಂದು ಬಗೆ. ಮೊದಲನೆಯದು ನಮಗೆಲ್ಲ ಗೊತ್ತಿರುವುದೇ: ಗಂಟುಮೂಟೆ, ರೈಲಿನ ವೇಳೆ, ಪಕ್ಕದ ಮನೆಯವರ ಕೈಯಲ್ಲಿ ಬೀಗದ ಕೈ. ಎರಡನೆಯದನ್ನು ನಾನು ಪುಸ್ತಕಗಳಲ್ಲಿ ಮಾತ್ರ ಮಾಡಿದ್ದೇನೆ. ಪುಸ್ತಕದ ಪ್ರಯಾಣದಲ್ಲಿ ಖರ್ಚೂ ಕಡಿಮೆ, ಸೊಂಟ ನೋವೂ ಇಲ್ಲ.

ಈ ಹುಚ್ಚಿನ ಆದಿಪುರುಷರಲ್ಲಿ ಒಬ್ಬ ಗಾರ್ಡನ್ ಸ್ಟೇಬಲ್ಸ್ ಎಂಬ ಡಾಕ್ಟರು. ಬ್ರಿಟಿಷ್ ನೌಕಾಪಡೆಯಲ್ಲಿದ್ದು, ಬಳಿಕ ಹುಡುಗರಿಗೆ ಸಾಹಸದ ಕತೆ ಬರೆಯುತ್ತಿದ್ದವನು. 1885ರಲ್ಲಿ ಬ್ರಿಸ್ಟಲಿನ ಬಂಡಿ ಕಾರ್ಖಾನೆಯಲ್ಲಿ ‘ವಾಂಡರರ್’ ಎಂಬ ಮರದ ಮನೆಯೊಂದನ್ನು ಮಾಡಿಸಿ, ಎರಡು ಕುದುರೆ ಕಟ್ಟಿ, ಇಂಗ್ಲೆಂಡಿನಿಂದ ಸ್ಕಾಟ್ಲೆಂಡಿನ ಇನ್ವರ್ನೆಸ್‌ವರೆಗೆ ಹೋದ. ಒಟ್ಟು 1300 ಮೈಲಿಯ ಪ್ರಯಾಣ. ಜೊತೆಗೆ ಹರಿಕೇನ್ ಬಾಬ್ ಎಂಬ ಭಾರಿ ನಾಯಿ, ಪಾಲಿ ಎಂಬ ಗಿಳಿಜಾತಿಯ ಹಕ್ಕಿ. ಎದುರಿನಿಂದ ಬರುವವರನ್ನು ಎಚ್ಚರಿಸಲು ಆಳೊಬ್ಬ ಮೂರು ಗಾಲಿಯ ಸೈಕಲ್ಲಿನಲ್ಲಿ ಮುಂದೆ ಹೋಗುತ್ತಿದ್ದನಂತೆ! ಮಂತ್ರಿಗಳ ಸವಾರಿಗೆ ಮುಂದೆ ಓಡುವ ಪೊಲೀಸು ಜೀಪಿನ ಅಜ್ಜ ಅದೇ ಇರಬೇಕು. ಕುದುರೆ ದಣಿದಲ್ಲಿ ಮನೆಯೂ ನಿಲ್ಲಬೇಕು. ನಿಂತಲ್ಲೇ ಊರು, ನಿಂತಲ್ಲೇ ನೋಟ.

ಎಪ್ಪತ್ತೈದು ವರ್ಷಗಳ ಮೇಲೆ ಕುದುರೆ ಹೋಗಿ ಎಂಜಿನ್ ಬಂದಿತ್ತು. ನಾಯಿ ಮಾತ್ರ ಹೋಗಿರಲಿಲ್ಲ. 1960ರ ಸೆಪ್ಟೆಂಬರಿನಲ್ಲಿ ಅಮೆರಿಕದ ಕಾದಂಬರಿಕಾರ ಜಾನ್ ಸ್ಟೈನ್‌ಬೆಕ್ ಟ್ರಕ್ಕಿನ ಮೇಲೆ ಪುಟ್ಟ ಮನೆ ಕೂರಿಸಿ, ಅದಕ್ಕೆ ಡಾನ್ ಕಿಹೋಟೆಯ ಬಡಕುದುರೆ ರೋಸಿನಾಂಟೆಯ ಹೆಸರಿಟ್ಟು, ಚಾರ್ಲಿ ಎಂಬ ಮುದಿ ನಾಯಿಯೊಡನೆ ದೇಶ ಸುತ್ತಲು ಹೊರಟ. ಆಗ ಅವನಿಗೆ 58 ವರ್ಷ. ಆ ಪ್ರವಾಸದ ಪುಸ್ತಕ 1962ರಲ್ಲಿ ಬಂತು. ಅದೇ ವರ್ಷ ನೊಬೆಲ್ ಬಹುಮಾನವೂ ಬಂತು. ಅಪರಿಚಿತರ ಹತ್ತಿರ ಮೊದಲು ಚಾರ್ಲಿ ಹೋಗುವುದು, ಅವನನ್ನು ಕರೆತರುವ ನೆಪದಲ್ಲಿ ಯಜಮಾನ ಹೋಗುವುದು, ಮಾತು ಹತ್ತಿಕೊಳ್ಳುವುದು, ಇದು ಅವರ ಕ್ರಮ. ಯೆಲ್ಲೋಸ್ಟೋನ್ ಕಾಡಿನಲ್ಲಿ ಮಾತ್ರ ಕರಡಿಗಳನ್ನು ಕಂಡ ಚಾರ್ಲಿಗೆ ರೌದ್ರಾವೇಶ. ಲೋಕವೆಲ್ಲ ನೋಡಬಯಸುವ ಆ ಜಾಗಕ್ಕೆ ಬೆನ್ನು ತಿರುಗಿಸಿ ಆತ ಹೊರಟುಬಂದ. ದಾರಿಯಲ್ಲಿ ನಾಯಿಗೆ ಕಾಯಿಲೆಯಾಯಿತು. ಮೊದಲು ಸಿಕ್ಕ ಪಶುವೈದ್ಯ ಉದಾಸೀನದವನು. ಮುಂದೆ ಟೆಕ್ಸಾಸಿನ ಅಮರಿಲೋದಲ್ಲಿ ಒಳ್ಳೆಯ ವೈದ್ಯ ಸಿಕ್ಕ. ಚಾರ್ಲಿಯನ್ನು ಅವನ ಕೈಗೊಪ್ಪಿಸಿ, ಗುಣವಾಗುವವರೆಗೆ ಸ್ಟೈನ್‌ಬೆಕ್ ಕಾದ.

ನಾಯಿಗಾಗಿ ಗಾಡಿ ನಿಲ್ಲಿಸಿದ ಕತೆ ನಮಗೆ ಹೊಸದೇನಲ್ಲ. ಮಹಾಪ್ರಸ್ಥಾನದಲ್ಲಿ ದ್ರೌಪದಿ ಬಿದ್ದಳು, ತಮ್ಮಂದಿರು ಬಿದ್ದರು. ಧರ್ಮರಾಯ ತಿರುಗಿ ನೋಡದೆ ನಡೆದ. ಕೊನೆಗೆ ಇಂದ್ರನ ರಥ ಬಂದು ನಿಂತಿತು. ಆದರೆ ಅದರಲ್ಲಿ ನಾಯಿಗೆ ಜಾಗವಿಲ್ಲ. ಹಾಗಾದರೆ ನನಗೂ ಬೇಡ ಎಂದ. ನಾಯಿ ಯಮಧರ್ಮನೆಂಬುದು ಆಮೇಲೆ ತಿಳಿದದ್ದು. ಆ ಗಳಿಗೆಯಲ್ಲಿ ಅದು ಜೊತೆಗೆ ನಡೆದುಬಂದ ಬೀದಿನಾಯಿ, ಅಷ್ಟೇ. ಅಷ್ಟು ಕಠಿಣ ಮನುಷ್ಯ ಕಡೆಯ ಹೆಜ್ಜೆಯಲ್ಲಿ ಏಕೆ ನಿಂತ ಎಂದು ಬಹಳ ದಿನ ಯೋಚಿಸಿದ್ದೇನೆ. ನಂಬಿ ಬಂದದ್ದನ್ನು ದಾರಿಯಲ್ಲಿ ಬಿಟ್ಟು ತಲುಪುವ ಸ್ವರ್ಗ ಅವನಿಗೆ ರುಚಿಸಲಿಲ್ಲ ಎಂದೇ ನನ್ನ ಎಣಿಕೆ.

ಈ ವಿಚಾರ ನನಗೆ ಬರೀ ಪಾಂಡಿತ್ಯದ್ದಲ್ಲ. ನಮ್ಮ ಕರಿಯನಿಗೆ ಈಗ ಹದಿಮೂರು ವರ್ಷ. ಕಣ್ಣು ಮಂಜು, ಹಿಂಗಾಲು ಸೋತಿದೆ. ಬೇಸಿಗೆಗೆ ಸಕಲೇಶಪುರದ ಕಡೆ ಹೋಗೋಣವೆಂದು ಮಕ್ಕಳು ಹೊರಟಾಗ, “ಇವನನ್ನು ಎಲ್ಲಾದರೂ ನಾಲ್ಕು ದಿನ ಬಿಟ್ಟರಾಯಿತು” ಎಂಬ ಮಾತು ಬಂತು. ನಾಲ್ಕು ದಿನ ನಮಗೆ ನಾಲ್ಕು ದಿನವೇ; ಎಣಿಸಲು ಬಾರದ ಪ್ರಾಣಿಗೆ ಅದೆಷ್ಟೋ! ಮನೆಯಲ್ಲಿ ಯಾರೂ ಬಹಳ ಹೊತ್ತು ಮಾತಾಡಲಿಲ್ಲ. ಕೊನೆಗೆ ನನ್ನಾಕೆ, “ಅವನು ಬರದಿದ್ದರೆ ನಾನೂ ಇಲ್ಲೇ ಇರುತ್ತೇನೆ, ನೀವು ಹೋಗಿಬನ್ನಿ” ಎಂದಳು. ವ್ಯಾಸರನ್ನು ಓದಿದವನು ನಾನು. ಧರ್ಮರಾಯನ ಮಾತು ಅವಳ ಬಾಯಲ್ಲಿ.

ಆದ್ದರಿಂದ ಎಲ್ಲರೂ ಹೊರಡುವುದೆಂದು ತೀರ್ಮಾನವಾಗಿದೆ. ಹಿಂದಿನ ಸೀಟಿನಲ್ಲಿ ಹಳೆಯ ಜಮಖಾನ, ಒಂದು ಬೋಗುಣಿ, ಒಂದು ಕೊಡ ನೀರು. ಗಂಟೆಗೊಮ್ಮೆ ಯಾವುದಾದರೂ ಮರದ ನೆರಳಲ್ಲಿ ಕಾರು ನಿಲ್ಲುತ್ತದೆ. ಕರಿಯ ನಾಲ್ಕು ಹೆಜ್ಜೆ ನಡೆದು ಮಣ್ಣು ಮೂಸುತ್ತಾನೆ. ಹಾಸನ ದಾಟುವಷ್ಟರಲ್ಲಿ ಕತ್ತಲಾಗಬಹುದೆಂದು ಹಿರಿಯ ಮಗ ಲೆಕ್ಕ ಹಾಕಿ ಹೇಳಿದ್ದಾನೆ. ಆಗಲಿ. ಆ ದಾರಿಯ ಮರಗಳನ್ನು ನಾನೂ ನಿಂತು ನೋಡಿದ್ದಿಲ್ಲ.