ತುಂಗೆಯ ಎದುರು, ಭದ್ರೆಯ ಜೊತೆಗೆ

ಬೆಳಗಿನ ಏಳು ಗಂಟೆ. ಶೃಂಗೇರಿ ಪೇಟೆ ಹಿಂದೆ ಬಿದ್ದಿದೆ. ನವೆಂಬರಿನ ಇಬ್ಬನಿ ಅಡಿಕೆ ತೋಟಗಳ ಮೇಲೆ ಇನ್ನೂ ಕೂತೇ ಇದೆ. ಟಾರು ರಸ್ತೆ ಒದ್ದೆ, ಹ್ಯಾಂಡಲ್ ಹಿಡಿದ ಬೆರಳು ತಣ್ಣಗೆ. ಚೈನಿನ ಸದ್ದು ಬಿಟ್ಟರೆ ಕೇಳುವುದು ತೋಟದೊಳಗೆ ತೊಟ್ಟಿಕ್ಕುವ ಹನಿ ಮಾತ್ರ. ನೆಮ್ಮಾರು ಕಡೆಗೆ ಸಾಗುವ ಈ ದಾರಿಯಲ್ಲಿ ಮರಗಳ ಸಂದಿನಿಂದ ತುಂಗೆ ಆಗಾಗ ಕಾಣುತ್ತಾಳೆ. ಅವಳು ನನ್ನ ಎದುರಿಗೆ ಬರುತ್ತಿದ್ದಾಳೆ. ಎಂದರೆ ನಾನು ಏರುತ್ತಿದ್ದೇನೆ.

ಇವತ್ತಿನ ದಾರಿ ಇಷ್ಟು: ತುಂಗೆಯ ಜಾಡು ಹಿಡಿದು ಅವಳು ಹುಟ್ಟುವ ಬೆಟ್ಟದವರೆಗೆ ಹತ್ತುವುದು, ಅಲ್ಲಿಂದ ಭದ್ರೆಯ ಜೊತೆ ಕಳಸಕ್ಕೆ ಇಳಿಯುವುದು. ಒಟ್ಟು ಎಪ್ಪತ್ತು ಕಿಲೋಮೀಟರಿನ ಆಸುಪಾಸು. ಚೀಲದಲ್ಲಿ ಎರಡು ಬಾಟಲಿ ನೀರು, ಪುಟ್ಟಬಾಳೆ ಹಣ್ಣು, ಶೇಂಗಾ ಚಿಕ್ಕಿ, ಒಂದು ಟ್ಯೂಬು, ಪಂಕ್ಚರ್ ಸಾಮಾನು, ಪಂಪು.

ಕೆರೆಕಟ್ಟೆಯ ಕಡೆ ತೋಟಗಳು ತೆಳುವಾಗಿ ಕಾಡು ಶುರುವಾಗುತ್ತದೆ. ತನಿಕೋಡು ಗೇಟಿನಲ್ಲಿ ಅರಣ್ಯ ಇಲಾಖೆಯ ಸಿಬ್ಬಂದಿ ಸೈಕಲ್ಲನ್ನೂ ನನ್ನನ್ನೂ ನೋಡುತ್ತಾರೆ.

"ಒಬ್ರೇನಾ ಸರ್?"

"ಹೌದು, ಕಳಸಕ್ಕೆ."

"ದಾರೀಲಿ ಕಾಡೊಳಗೆ ಇಳೀಬೇಡಿ. ಕತ್ತಲಾಗೋದ್ರೊಳಗೆ ಆಚೆ ಗೇಟು ದಾಟ್ಕಳಿ."

ಇದು ಕುದುರೆಮುಖ ರಾಷ್ಟ್ರೀಯ ಉದ್ಯಾನ. ಸುಮಾರು 600 ಚದರ ಕಿಲೋಮೀಟರಿನ ಈ ಕಾಡಿಗೆ 1987ರಲ್ಲಿ ಆ ಸ್ಥಾನ ಸಿಕ್ಕಿತು. ಅದರ ಹಿಂದೆ ಸಿಂಗಳೀಕಗಳ ಪಾಲು ದೊಡ್ಡದು. ವನ್ಯಜೀವಿ ವಿಜ್ಞಾನಿ ಉಲ್ಲಾಸ ಕಾರಂತರು ಇಲ್ಲಿ ನಡೆಸಿದ ಸಿಂಗಳೀಕಗಳ ಸಮೀಕ್ಷೆಯೇ ಈ ಕಾಡನ್ನು ಉಳಿಸಬೇಕೆಂಬ ವಾದಕ್ಕೆ ಬಲ ಕೊಟ್ಟಿತು. ಕೊಂಬೆ ಕೊಂಬೆ ಕೂಡಿಕೊಂಡ ಕಾಡಿದ್ದರಷ್ಟೇ ಅವು ಬದುಕುತ್ತವೆ. ಗೇಟು ದಾಟಿದ ಮೇಲೆ ರಸ್ತೆಯ ಮೇಲೆ ಮರಗಳು ಕೈ ಹೆಣೆದಿವೆ. ಬಿಸಿಲು ಚೂರುಚೂರಾಗಿ ಬೀಳುತ್ತಿದೆ. ಎಲ್ಲೋ ಹಳ್ಳದ ಬದಿಯಲ್ಲಿ ಸಿಳ್ಳಾರ ಹಕ್ಕಿ ದಾರಿಹೋಕ ಹುಡುಗನಂತೆ ಸಿಳ್ಳೆ ಹಾಕುತ್ತಿದೆ.

ಎಸ್.ಕೆ. ಬಾರ್ಡರ್. ಹಳೆಯ ದಕ್ಷಿಣ ಕನ್ನಡ ಜಿಲ್ಲೆಯ ಗಡಿ. ಬಲಕ್ಕೆ ಹೋದರೆ ಮಾಳದ ಘಾಟಿ ಇಳಿದು ಕಾರ್ಕಳ. ನಾನು ಎಡಕ್ಕೆ ಹೊರಳುತ್ತೇನೆ. ಹನುಮನಗುಂಡಿ ಜಲಪಾತದ ದಾರಿ ಕಳೆದು, ರಸ್ತೆಯ ಮಗ್ಗುಲಲ್ಲೇ ಬೀಳುವ ಕಡಾಂಬಿಯ ತುಂತುರು ಮುಖಕ್ಕೆ ಬಡಿಯುತ್ತದೆ. ಗೇರು ಪೂರ್ತಿ ಇಳಿದಿದೆ. ಉಸಿರು ಏರಿದೆ. ತಿರುವಿನ ಮೇಲೆ ತಿರುವು.

ಆಮೇಲೆ ಕಾಡು ಒಮ್ಮೆಗೇ ತೆರೆದುಕೊಳ್ಳುತ್ತದೆ. ಗುಡ್ಡದ ಮೈಯೆಲ್ಲ ಹುಲ್ಲು, ಮಡಿಲುಗಳಲ್ಲಿ ಮಾತ್ರ ಕಪ್ಪು ಹಸಿರಿನ ಶೋಲಾ ಕಾಡು. ಮಳೆಗಾಲದಲ್ಲಿ ಇಲ್ಲಿ ಸುರಿಯುವುದು ಆರೇಳು ಸಾವಿರ ಮಿಲಿಮೀಟರ್. ಅಷ್ಟು ನೀರನ್ನು ಈ ಹುಲ್ಲು, ಈ ಮಣ್ಣು, ಈ ಶೋಲಾ ಸೇರಿ ಹೀರಿಕೊಂಡು, ಬೇಸಗೆಯವರೆಗೂ ಸ್ವಲ್ಪ ಸ್ವಲ್ಪವೇ ಬಿಟ್ಟುಕೊಡುತ್ತವೆ. ರಸ್ತೆಯ ಬದಿಯ ಬಂಡೆಯಿಂದ ಈಗಲೂ ನೀರು ಜಿನುಗುತ್ತಿದೆ.

ಮಧ್ಯಾಹ್ನದ ಹೊತ್ತಿಗೆ ಗಂಗಾಮೂಲದ ಗುಡ್ಡಗಳು. ತುಂಗಾ, ಭದ್ರಾ, ನೇತ್ರಾವತಿ ಮೂರೂ ಇಲ್ಲೇ ಹುಟ್ಟುತ್ತವೆ ಎಂಬುದು ಮಲೆನಾಡಿನ ನಂಬಿಕೆ. ಮೂಲದ ತನಕ ನಡೆಯಲು ಇಲಾಖೆಯ ಅನುಮತಿ ಬೇಕು. ನನಗೆ ರಸ್ತೆಯೇ ಸಾಕು. ನೇತ್ರಾವತಿ ಪಶ್ಚಿಮಕ್ಕೆ ಧುಮುಕಿ ಮಂಗಳೂರಿನಲ್ಲಿ ಅರಬ್ಬಿ ಸಮುದ್ರ ಸೇರುತ್ತಾಳೆ. ತುಂಗೆ, ಭದ್ರೆಯರು ಬೇರೆ ಬೇರೆ ಕಣಿವೆ ಹಿಡಿದು ಹೋಗಿ, ಶಿವಮೊಗ್ಗದ ಬಳಿಯ ಕೂಡಲಿಯಲ್ಲಿ ಒಂದಾಗಿ, ಕೃಷ್ಣೆಯ ಮೂಲಕ ಬಂಗಾಳ ಕೊಲ್ಲಿ ಮುಟ್ಟುತ್ತಾರೆ. ಭೂಗೋಳದ ಪುಸ್ತಕದಲ್ಲಿ ಓದಿದ ಜಲವಿಭಾಜಕ ಈಗ ಮೊಣಕಾಲಿಗೆ ತಿಳಿಯುತ್ತಿದೆ. ಪೆಡಲ್ ಹಗುರಾಗುತ್ತದೆ. ಕಾಲು ನಿಲ್ಲಿಸುತ್ತೇನೆ. ಸೈಕಲ್ ತಾನೇ ಹೊರಡುತ್ತದೆ.

ಇಳಿಜಾರಿನ ಗಾಳಿ ಅಂಗಿಯ ಬೆವರನ್ನು ಆರಿಸುತ್ತದೆ. ಮುಂದೆ ಲಕ್ಯಾ ಅಣೆಕಟ್ಟಿನ ಪ್ರದೇಶ, ಅದರಾಚೆ ಕುದುರೆಮುಖ ಟೌನ್‌ಶಿಪ್. 1976ರಲ್ಲಿ ಕಬ್ಬಿಣದ ಅದಿರಿನ ಕಂಪನಿ ಶುರುವಾದ ಮೇಲೆ ಎದ್ದ ಊರು ಇದು. ಅದಿರನ್ನು ಪುಡಿ ಮಾಡಿ, ನೀರಲ್ಲಿ ಕಲಸಿ, ಕೊಳವೆಯಲ್ಲಿ ಘಟ್ಟದ ಕೆಳಗೆ ಮಂಗಳೂರಿಗೆ ಹರಿಸುತ್ತಿದ್ದರು. ಉಳಿದ ಹೂಳನ್ನು ತಡೆಯಲೆಂದು ಕಟ್ಟಿದ್ದೇ ಲಕ್ಯಾ. ಸುಪ್ರೀಂ ಕೋರ್ಟಿನ ಆದೇಶದಂತೆ 2005ರ ಕೊನೆಗೆ ಗಣಿಗಾರಿಕೆ ನಿಂತಿತು. ಕೆಲಸ ಹೋಯಿತು, ಜನ ಹೋದರು. ಬಾಗಿಲು ಮುಚ್ಚಿದ ಕ್ವಾರ್ಟರ್ಸ್‌ಗಳ ಸಾಲಿನಲ್ಲಿ ನಿಧಾನ ಸಾಗುವಾಗ ಎದೆ ಭಾರವಾಗುತ್ತದೆ. ಇಲ್ಲಿ ದುಡಿದವರದೂ ಬದುಕೇ. ಆದರೂ ಗಣಿ ನಿಂತಿದ್ದು ಸರಿಯೆಂದೇ ನನಗನಿಸುತ್ತದೆ. ಪಕ್ಕದಲ್ಲಿ ಹರಿಯುವ ಭದ್ರೆಯನ್ನು ನೋಡಿದವರಿಗೆ ಬೇರೆ ಉತ್ತರ ಹೊಳೆಯುವುದು ಕಷ್ಟ.

ಒಂದು ಸಣ್ಣ ಹೋಟೆಲಿನಲ್ಲಿ ಅನ್ನ, ಬಿಸಿ ಸಾರು, ಹಪ್ಪಳ. "ಇನ್ನೊಂಚೂರು ಹಾಕ್ಸ್ಕಳಿ, ಸಂಸೆ ತನಕ ತುಳೀಬೇಕಲ್ಲ" ಎನ್ನುತ್ತಾ ಅಮ್ಮ ಕೇಳುವ ಮೊದಲೇ ಬಡಿಸುತ್ತಾರೆ.

ಮಧ್ಯಾಹ್ನದ ಮೇಲೆ ನದಿ ನನ್ನ ಜೊತೆಗೇ ಬರುತ್ತಿದೆ. ಅದು ಕೆಳಗೆ, ನಾನು ಮೇಲೆ. ದೂರದಲ್ಲಿ ಕುದುರೆಯ ಮೋರೆಯಂಥ ಶಿಖರ, ಸುಮಾರು 1,890 ಮೀಟರ್ ಎತ್ತರ, ಮೋಡದೊಳಗೆ ಹೋಗುತ್ತದೆ, ಬರುತ್ತದೆ. ಸಂಸೆಯಲ್ಲಿ ಗುಡ್ಡಕ್ಕೆ ಗುಡ್ಡವೇ ಚಹಾ ತೋಟ. ನಡುನಡುವೆ ಸಣ್ಣ ಏರುಗಳು ತೊಡೆಯನ್ನು ಇನ್ನೊಮ್ಮೆ ಸುಡುತ್ತವೆ. ಶಾಲೆ ಬಿಟ್ಟ ಮಕ್ಕಳು "ಟಾಟಾ" ಎಂದು ಕೂಗುತ್ತಾ ಸೈಕಲ್ಲಿನ ಹಿಂದೆ ನಾಲ್ಕು ಹೆಜ್ಜೆ ಓಡಿ ಬರುತ್ತಾರೆ. ಹೊತ್ತು ಮುಳುಗುವ ಮುಂಚೆ ಕಳಸ.

ಈ ದಾರಿಯನ್ನು ಕಾರಿನಲ್ಲಿ ಎರಡು ಮೂರು ಗಂಟೆಯಲ್ಲಿ ದಾಟಬಹುದು. ಆದರೆ ನದಿ ಎದುರಾದದ್ದು, ಜೊತೆಯಾದದ್ದು ಗಾಜಿನೊಳಗೆ ಕೂತವರಿಗೆ ತಿಳಿಯುವುದಿಲ್ಲ. ನಿಮ್ಮ ಮನೆಯಲ್ಲೂ ಒಂದು ಸೈಕಲ್ ಇದ್ದರೆ, ಮಳೆ ಹೊಳವಾದ ಮೇಲೆ ಒಮ್ಮೆ ಇತ್ತ ಬನ್ನಿ. ಹೊರಡುವ ಮುನ್ನ ಗೇಟಿನವರನ್ನು ವಿಚಾರಿಸಿ, ಅವರು ಹೇಳಿದ ಹೊತ್ತಿಗೆ ಹೊರಬೀಳಿ. ಚಿಕ್ಕಿಯ ಕಾಗದವನ್ನೂ ಅಲ್ಲಿ ಬಿಡಬೇಡಿ. ಕೆಳಗಿನ ಬಯಲುಸೀಮೆಯ ಲಕ್ಷಾಂತರ ಜನ ಕುಡಿಯುವ ನೀರು ಈ ಹುಲ್ಲಿನ ಬುಡದಿಂದಲೇ ಹೊರಡುತ್ತದೆ.