ಮಳಿಗೆ ಹಿಂದಿನ ನೀರು, ಪಕ್ಕದವರ ತೋಟ

ರೋಡ್ ಬದಿ ಜಾಗದಲ್ಲಿ ಮಳಿಗೆ ಕಟ್ಟಬೇಕು ಅಂತ ಈ ವರ್ಷ ಇಬ್ಬರು ನನ್ನ ಹತ್ರ ವಿಚಾರಿಸಿದ್ರು. ಬಾಡಿಗೆ ಎಷ್ಟು ಬರುತ್ತೆ, ಸಾಲ ಎಷ್ಟು ಸಿಗುತ್ತೆ ಅಂತ ಕೇಳಿದ್ರು. ನೀರು ಎಲ್ಲಿಗೆ ಬಿಟ್ಟಿದ್ದೀರಿ ಅಂತ ಒಬ್ಬರೂ ಕೇಳಲಿಲ್ಲ. 2013ರಲ್ಲಿ ನಾನೂ ಕೇಳಿರಲಿಲ್ಲ. ಅದಕ್ಕೇ ಬರೀತಾ ಇದ್ದೇನೆ, ಸ್ವಲ್ಪ ಉದ್ದ ಆಗುತ್ತೆ.

ನಂದು ಸುಂಟಿಕೊಪ್ಪದ ಆಚೆ ಮೂರೂವರೆ ಎಕ್ರೆ ರೋಬಸ್ಟಾ. ಕಾಳುಮೆಣಸಿಗೆ ಒಳ್ಳೆ ರೇಟ್ ಇದ್ದ ಕಾಲ. ಕೈಯಲ್ಲಿ ದುಡ್ಡಿತ್ತು, ರೋಡಿಗೆ ತಾಗಿದ ಹನ್ನೆರಡು ಸೆಂಟಲ್ಲಿ ನಾಲ್ಕು ಮಳಿಗೆ ಎಬ್ಬಿಸಿದೆ. ಜೆಸಿಬಿ ತರಿಸಿ ಹಿಂದಿನ ಬರೆ ಒಂಬತ್ತಡಿ ಕಡಿಸಿದೆ. ಆ ಮಣ್ಣನ್ನು ಎಡಗಡೆ ತೋಡಿಗೆ ತುಂಬಿಸಿ ಗಾಡಿ ನಿಲ್ಲಿಸೋ ಜಾಗ ಮಾಡಿದೆ. ತೋಡು ಅಂದ್ರೆ ಜನವರಿಯಿಂದ ಮೇ ತನಕ ಒಣಗಿ ಬಿದ್ದಿರೋದು, ಕಕ್ಕಡದಲ್ಲಿ ಮಾತ್ರ ಹರಿಯೋದು. ಕಾಗದ ಎಲ್ಲ ಸರಿ ಇತ್ತು. ಆದ್ರೆ ಕಾಗದದಲ್ಲಿ ತೋಡು ಇರಲಿಲ್ಲ.

ಬರೆಗೆ ಕಲ್ಲಿನ ತಡೆಗೋಡೆ ಕಟ್ಟುವಾಗ ಮೇಸ್ತ್ರಿ ಗೋಡೆಯಲ್ಲಿ ತೂತು ಬಿಡೋಣ ಅಂದ. ಗೋಡೆ ಪಾಚಿ ಹಿಡಿದು ಅಸಹ್ಯ ಕಾಣುತ್ತೆ, ಮುಚ್ಚು ಅಂದವನು ನಾನೇ. ಗೋಡೆ ಹಿಂದೆ ಜಲ್ಲಿ ಹಾಕದೆ ಅಲ್ಲಿದ್ದ ಮಣ್ಣನ್ನೇ ತುಂಬಿಸಿದವನೂ ನಾನೇ.

2018ರ ಆಗಸ್ಟ್ ನಿಮಗೆಲ್ಲ ಗೊತ್ತೇ ಇದೆ. ಮಕ್ಕಂದೂರು, ಹಟ್ಟಿಹೊಳೆ, ಜೋಡುಪಾಲದ ಸುದ್ದಿ, ಮಡಿಕೇರಿಯಲ್ಲಿ ಮನೆಯೊಂದು ಬುಡಸಮೇತ ಜಾರಿ ಹೋದ ವಿಡಿಯೋ. ನನ್ನ ಗೋಡೆ ನಿಂತಿತು, ಆದ್ರೆ ನಡುವೆ ಬೆರಳು ಹೋಗುವಷ್ಟು ಬಿರುಕು ಬಿಟ್ಟಿತು. ಗೊಬ್ಬರದ ಅಂಗಡಿಯ ನೆಲದಿಂದಲೇ ನೀರು ಎದ್ದು ಯೂರಿಯಾ ಮೂಟೆ ಕರಗಿತು. ಆಮೇಲೆ ಭೂವೈಜ್ಞಾನಿಕ ಸರ್ವೇಕ್ಷಣೆಯವರು ಬಂದು ನೋಡಿ, ಬರೆ ಕಡಿದದ್ದು, ನೀರಿನ ದಾರಿ ಕೆಡಿಸಿದ್ದೂ ಕಾರಣ ಅಂದಾಗ ಪೇಪರಲ್ಲಿ ಓದಿ ಬೇರೆಯವರಿಗೆ ಹೇಳಿದ್ದು ಅಂದುಕೊಂಡೆ.

2019ರಲ್ಲಿ ಮಾಡಿದ ರಿಪೇರಿ ಅದಕ್ಕಿಂತ ದೊಡ್ಡ ತಪ್ಪು. ಬಿರುಕಿಗೆ ಸಿಮೆಂಟ್ ಬಳಿಸಿದೆ, ನೆಲಕ್ಕೆ ವಾಟರ್‌ಪ್ರೂಫ್ ಹಾಕಿಸಿದೆ, ಎದುರಿಗೆ ಇಂಟರ್‌ಲಾಕ್, ಗೋಡೆಗೆ ಒರಗಿಸಿ ಹೂವಿನ ಪಾತಿ. ಹಿಂದೆ ನಿಲ್ಲೋ ನೀರಿಗೆ ಆರಿಂಚಿನ ಪೈಪ್ ಹಾಕಿ ಬಲಗಡೆ ಬೇಲಿ ಬುಡಕ್ಕೆ ಬಿಟ್ಟೆ. ಬೇಲಿ ಆಚೆ ತಗ್ಗು, ಪಕ್ಕದವರ ತೋಟ. ಮಳಿಗೆ ಒಣಗಿತು, ನನಗೆ ಸಮಾಧಾನ.

ಅವರು ಏನೂ ಹೇಳಲಿಲ್ಲ. ನಮ್ಮ ಹೋಟೆಲಿಗೆ ಬೆಳಿಗ್ಗೆ ಚಾ ಕುಡಿಯೋಕೆ ಬರ್ತಿದ್ದವರು ನಿಂತರು. ವಯಸ್ಸಾಯ್ತು ಅಂದುಕೊಂಡೆ. 2022ರ ಜುಲೈಯಲ್ಲಿ ಒಂದು ದಿನ ಜೋರು ಮಳೆ. ಬೇಲಿ ಹತ್ರ ಹಸು ಹುಡುಕಿಕೊಂಡು ಹೋದವನು ಕೊಡೆ ಹಿಡಿದು ನನ್ನ ಪೈಪಿನ ನೀರಿನ ಜೊತೆಗೇ ಕೆಳಗೆ ಇಳಿದೆ. ಮೊಣಕಾಲುದ್ದ ಕೊರಕಲು. ನಲವತ್ತೆರಡು ರೋಬಸ್ಟಾ ಗಿಡ ಎಣಿಸಿದೆ. ಕೆಲವು ಸತ್ತಿದ್ವು, ಉಳಿದವು ಹಳದಿ, ಬೇರು ನೀರಲ್ಲೇ ನಿಂತಿದೆ. ಕೆಳಗಿನ ಗದ್ದೆ ಮೂಲೆಯಲ್ಲಿ ನನ್ನ ಬರೆಯ ಕೆಂಪು ಮಣ್ಣು. ಮೂರು ಮಳೆಗಾಲ ಅವರು ಅದನ್ನು ನೋಡಿಕೊಂಡೇ ಇದ್ದರು.

ಲೆಕ್ಕ ಹಾಕಿ ನೋಡಿ. ಸಾವಿರ ಚದರಡಿ ಮಾಡಿಗೆ ಒಂದಿಂಚು ಮಳೆ ಬಿದ್ರೆ ಸುಮಾರು 2,360 ಲೀಟರ್. ನನ್ನ ಮಾಡು ಸಾವಿರದಿನ್ನೂರು. ದಿನಕ್ಕೆ ಐದಿಂಚು ಹೊಡೆದ್ರೆ ಹದಿನಾಲ್ಕು ಸಾವಿರ ಲೀಟರ್, ಒಂದು ದೊಡ್ಡ ಟ್ಯಾಂಕರ್‌ಗಿಂತ ಜಾಸ್ತಿ. ಬರೆಯಿಂದ ಇಳಿಯೋದು ಬೇರೆ.

2023ರ ಫೆಬ್ರವರಿ, ಮಾರ್ಚಲ್ಲಿ ಕೊಯ್ಲು ಮುಗಿಸಿ ಕೆಲಸ ಹಿಡಿದೆ. ಮೊದಲು ಬರೆ ಮೇಲೆ. ಅಂಚಿಗೆ ಹತ್ತಿರದ ಮೂರು ಸಾಲು ತೊಟ್ಟಿಲು ಗುಂಡಿ ಮುಚ್ಚಿಸಿದೆ. ತೋಟದಲ್ಲಿ ತೊಟ್ಟಿಲು ಗುಂಡಿ ಬೇಕೇ ಬೇಕು, ನಾನೂ ಮೇಲಿನವನ್ನು ಉಳಿಸಿದ್ದೇನೆ. ಆದ್ರೆ ಕಡಿದ ಬರೆಯ ತಲೆ ಮೇಲೆ ನೀರು ಇಂಗಿಸಿದ್ರೆ ಅದು ಗೋಡೆಯನ್ನೇ ತಳ್ಳುತ್ತೆ. ಅಂಚಿಂದ ಆರಡಿ ಹಿಂದೆ ಅಡ್ಡ ಚರಂಡಿ, ನೂರಡಿಗೆ ಒಂದಡಿ ಇಳಿಜಾರು. ಮಣ್ಣಿನ ಚರಂಡಿ ಬೇಡ, ಅದೂ ಇಂಗುತ್ತೆ, ಕಾಂಕ್ರೀಟ್ ಮಾಡಿಸಿ.

ಗೋಡೆ ಹಿಂದಿನ ಮಣ್ಣನ್ನು ಎಂಟೆಂಟು ಅಡಿಯಾಗಿ ಬಿಡಿಸಿದ್ವಿ. ಪೂರ್ತಿ ಒಮ್ಮೆಗೇ ತೆಗೆದ್ರೆ ಬರೆ ಬರುತ್ತೆ. ಮಳೆ ಮೋಡ ಕಂಡ್ರೆ ಮುಟ್ಟಲೇಬಾರದು. ಮಣ್ಣಿಗೆ ತಾಗಿ ಬಟ್ಟೆ, ಜಿಯೋಟೆಕ್ಸ್‌ಟೈಲ್ ಅಂತಾರೆ, ಅದರ ಒಳಗೆ ನಲವತ್ತು ಎಂಎಂ ಜಲ್ಲಿ. ಗೋಡೆಗೆ ಐದಡಿಗೊಂದು ಮೂರಿಂಚಿನ ಪೈಪ್, ಹೊರಗೆ ಇಳಿಜಾರಾಗಿ, ಎರಡು ಸಾಲು. ಮೊದಲನೇ ತೂತು ಕೊರೆದಾಗ ಮಾರ್ಚ್ ತಿಂಗಳ ಬಿಸಿಲಲ್ಲೂ ಕೆಸರು ನೀರು ಚಿಮ್ಮಿತು. ಮೇಸ್ತ್ರಿ ನನ್ನ ಮುಖ ನೋಡಿದ. ಹತ್ತು ವರ್ಷದ ಹಿಂದಿನ ಅದೇ ಮೇಸ್ತ್ರಿ.

ಮಳಿಗೆಗೂ ಗೋಡೆಗೂ ನಡುವೆ ಜಲ್ಲಿ ತುಂಬಿದ ಕಾಲುವೆ, ತಳದಲ್ಲಿ ತೂತಿನ ಪೈಪ್. ಮಾಡಿನ ನೀರನ್ನು ಇದಕ್ಕೆ ಸೇರಿಸೋಣ, ಪೈಪ್ ಉಳಿಯುತ್ತೆ ಅಂತ ಪ್ಲಂಬರ್ ಹೇಳಿದ. ಬೇಡ. ಆ ತೂತಿಂದಲೇ ನೀರು ಹೊರಬಂದು ಪಾಯಕ್ಕೆ ಕುಡಿಸುತ್ತೆ. ಮಾಡಿಗೆ ಬೇರೆ ಪೈಪ್ ಹಾಕಿಸಿದೆ. ಎದುರಿನ ಇಂಟರ್‌ಲಾಕ್ ಬಾಗಿಲ ಕಡೆಗೇ ವಾಲಿತ್ತು, ಎತ್ತಿಸಿ ಹತ್ತಡಿಗೆ ಎರಡಿಂಚು ಹೊರಕ್ಕೆ ಇಳಿಸಿದೆ. ಹೂವಿನ ಪಾತಿ ಕಿತ್ತದ್ದಕ್ಕೆ ಮನೆಯಲ್ಲಿ ಇವತ್ತಿಗೂ ಮಾತು ಕೇಳ್ತೇನೆ.

ಇದೆಲ್ಲ ಸುಲಭ. ಕಷ್ಟ ಆದದ್ದು ತೋಡು. ಇಷ್ಟು ನೀರನ್ನು ಬಿಡೋಕೆ ಅದೊಂದೇ ಜಾಗ. ರೋಡಿನ ಹಳೇ ಮೋರಿ ಅಲ್ಲೇ ಇದೆ, ಅಲ್ಲಿಂದ ಕೊಲ್ಲಿಗೆ. ತೋಡು ಬಿಡಿಸಿದ್ರೆ ಮೂರು ಕಾರಿನ ಜಾಗ ಹೋಗುತ್ತೆ. ಹೋಟೆಲಿನವನು ಕಾರು ನಿಲ್ಲದಿದ್ರೆ ಟೂರಿಸ್ಟ್ ಬರಲ್ಲ ಅಂತ ತಿಂಗಳಿಗೆ ಎರಡು ಸಾವಿರ ಬಾಡಿಗೆ ಇಳಿಸಿಕೊಂಡ. ಮಗನಿಗೂ ನನಗೂ ಒಂದು ವಾರ ಮಾತಿಲ್ಲ. ಆದ್ರೂ ತೆಗೆಸಿದೆ. ಆರಡಿ ಕೆಳಗೆ ಹಳೇ ತೋಡಿನ ನುಣ್ಣನೆ ಕಲ್ಲು ಸಿಕ್ತು, ಅಜ್ಜನ ಕಾಲದ ಕಟ್ಟು. ನೀರು ರಭಸ ಕಳೆದುಕೊಳ್ಳಲಿ ಅಂತ ಕಲ್ಲಲ್ಲಿ ಮೆಟ್ಟಿಲು, ಮೋರಿಗೆ ಮೊದಲು ಮಣ್ಣು ಕೂರೋ ಗುಂಡಿ, ಎರಡೂ ದಡಕ್ಕೆ ಲಾವಂಚ. ಜೀಪ್ ದಾಟೋ ಕಡೆ ಒಂದಡಿ ಪೈಪ್ ಸಾಕು ಅಂದ್ರು, ನಾನು ಎರಡಡಿ ಹಾಕಿಸಿದೆ. ಅಗಲ ಎರಡರಷ್ಟಾದ್ರೆ ಹರಿಯೋ ನೀರು ಆರು ಪಟ್ಟು, ಕಸವೂ ಸಿಕ್ಕಿಕೊಳ್ಳಲ್ಲ.

ಖರ್ಚು ಎಲ್ಲ ಸೇರಿ ನಾಲ್ಕು ಲಕ್ಷ ಹತ್ತು ಸಾವಿರ. ಕಟ್ಟುವಾಗಲೇ ಮಾಡಿದ್ರೆ ಒಂದು ಲಕ್ಷದ ಒಳಗೆ ಮುಗೀತಿತ್ತು ಅಂತ ಮೇಸ್ತ್ರಿ ಲೆಕ್ಕ ಕೊಟ್ಟ.

ಬಲಗಡೆ ಪೈಪ್ ಕೀಳಿಸಿದ ದಿನ ಪಕ್ಕದವರ ಮನೆಗೆ ಹೋದೆ. ಕೂರಿ ಅಂದ್ರು. ಗಿಡದ ದುಡ್ಡು ಕೊಡ್ತೇನೆ ಅಂದೆ, ತಗೊಳ್ಳಲಿಲ್ಲ. ಗಿಡ ನೆಟ್ಟುಕೊಡಿ ಅಂದ್ರು, ಅಷ್ಟೇ. ಜೂನಲ್ಲಿ ಕೊರಕಲು ಮುಚ್ಚಿಸಿ ನಲವತ್ತೆರಡು ಗಿಡ ನೆಟ್ಟೆ. ಐದು ಹೋದ್ವು, ಮರುವರ್ಷ ಮತ್ತೆ ನೆಟ್ಟೆ. ಇನ್ನೂ ಫಸಲಿಗೆ ಬಂದಿಲ್ಲ. ಅವರು ಚಾ ಕುಡಿಯೋಕೆ ಈಗಲೂ ಬರಲ್ಲ, ರೋಡಲ್ಲಿ ಸಿಕ್ಕಿದ್ರೆ ಮಳೆ ಎಷ್ಟಾಯ್ತು ಅಂತ ಕೇಳ್ತಾರೆ.

ಮಣ್ಣಿನ ಗುಂಡಿ ಆಗಲೇ ಅರ್ಧ ತುಂಬಿದೆ. ಆರಿದ್ರಾ ಜೋರಾಗೋ ಮುಂಚೆ ತೆಗೆಸಬೇಕು, ಭಾನುವಾರ ಇಬ್ಬರು ಆಳು ಸಿಕ್ಕಿದ್ರೆ ಹೇಳಿ.